ಮಂಗನ ಕಾಯಿಲೆ: ಮಳೆಗಾಲದಲ್ಲಿ ಮರೆತುಹೋಗುವ ಹೊಣೆ

ಕಾಡಿನಲ್ಲಿ ಮಂಗವೊಂದು ಸತ್ತು ಬಿದ್ದರೆ ಪೇಟೆಯಲ್ಲಿರುವವರಿಗೆ ಅದು ಸುದ್ದಿಯಲ್ಲ. ಆದರೆ ಸಹ್ಯಾದ್ರಿಯ ಮಡಿಲಲ್ಲಿ ಬದುಕು ಕಟ್ಟಿಕೊಂಡಿರುವ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನ ಜನರಿಗೆ ಅದು ಬರಲಿರುವ ವಿಪತ್ತಿನ ಮುನ್ಸೂಚನೆ. ಮಂಗ ಸತ್ತ ಕೆಲವೇ ದಿನಗಳಲ್ಲಿ ಊರಿನಲ್ಲಿ ಯಾರಾದರೊಬ್ಬರು ಜ್ವರದಿಂದ ಹಾಸಿಗೆ ಹಿಡಿಯುತ್ತಾರೆ ಎಂಬುದನ್ನು ಮಲೆನಾಡಿನ ಹಳ್ಳಿಗಳು ಅನುಭವದಿಂದ ಕಲಿತಿವೆ. ಜನರು ‘ಮಂಗನ ಕಾಯಿಲೆ’ ಎಂದು ಕರೆಯುವ, ವೈದ್ಯರು ಕೆಎಫ್‌ಡಿ ಅಥವಾ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಗುರುತಿಸುವ ಈ ರೋಗ ಪತ್ತೆಯಾದದ್ದು 1957ರಲ್ಲಿ. ಆರೂವರೆ ದಶಕಗಳಿಗೂ ಮಿಕ್ಕಿದ ಈ ಅವಧಿಯಲ್ಲಿ ನಮ್ಮ ದೇಶ ಸಿಡುಬನ್ನು ಓಡಿಸಿತು, ಪೋಲಿಯೋವನ್ನು ಗೆದ್ದಿತು, ಕೋವಿಡ್ ಮಹಾಮಾರಿಗೆ ತನ್ನದೇ ಲಸಿಕೆಯನ್ನು ತಯಾರಿಸಿತು. ಆದರೆ ನಮ್ಮದೇ ಊರಿನ ಹೆಸರು ಹೊತ್ತ ಈ ಜ್ವರಕ್ಕೆ ಮಾತ್ರ ಇದ್ದ ಲಸಿಕೆಯೂ 2022ರಲ್ಲಿ ಕೈಬಿಟ್ಟುಹೋಯಿತು. ಹೀಗೇಕಾಯಿತು ಎಂಬುದನ್ನು ಶಾಂತಚಿತ್ತದಿಂದ ವಿಮರ್ಶಿಸುವುದು ಅವಶ್ಯಕ.

ಕ್ಯಾಸನೂರಿನಿಂದ ಆರಂಭ

ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಅರಣ್ಯದ ಸುತ್ತಲಿನ ಹಳ್ಳಿಗಳಲ್ಲಿ ಮಂಗಗಳು ಸಾಯುತ್ತಿವೆ, ಮನುಷ್ಯರಿಗೂ ವಿಚಿತ್ರ ಜ್ವರ ಬರುತ್ತಿದೆ ಎಂಬ ವರದಿ 1957ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ತಲುಪಿತು. ವಿಜ್ಞಾನಿಗಳು ಗಾಬರಿಗೊಳ್ಳಲು ಕಾರಣವಿತ್ತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರ ಏಷ್ಯಾ ಖಂಡವನ್ನು ಅದುವರೆಗೆ ಮುಟ್ಟಿರಲಿಲ್ಲ. ಅದೇ ಈಗ ಬಂದಿತೇ ಎಂಬ ಶಂಕೆ ಮೂಡಿತು. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ಸಂಶೋಧಕರು ನಡೆಸಿದ ಪರಿಶೀಲನೆಯಿಂದ ಇದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳಿನ ಉರಿಯೂತದ ವೈರಾಣುವಿಗೆ ಹತ್ತಿರದ ಸಂಬಂಧಿ ಎಂಬುದು ಸ್ಪಷ್ಟವಾಯಿತು. ಅಂದಿನ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ರೋಗವನ್ನು ಗುರುತಿಸುವಲ್ಲಿ ದೇಶ ವಿಳಂಬ ಮಾಡಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ವಿಳಂಬವಾದದ್ದು ಅನಂತರದ ಹೆಜ್ಜೆಗಳಲ್ಲಿ.

ರೋಗ ಹರಡುವ ಬಗೆಯನ್ನು ಅರಿತರೆ ಉಳಿದ ವಿಷಯ ತಿಳಿಯುವುದು ಸುಲಭ. ಈ ವೈರಾಣುವಿನ ವಾಹಕ ಉಣುಗು, ಅಂದರೆ ಕೆಲವೆಡೆ ಉಣ್ಣೆ ಎಂದು ಕರೆಯಲಾಗುವ, ಪ್ರಾಣಿಗಳ ಮೈಗಂಟಿ ರಕ್ತ ಹೀರುವ ಜೀವಿ. ಕಾಡಿನ ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿ ಸದ್ದಿಲ್ಲದೆ ಉಳಿದಿರುವ ವೈರಾಣು, ಉಣುಗಿನ ಮೂಲಕ ಕೆಂಪುಮೂತಿಯ ಮಂಗಕ್ಕೂ ಕಪ್ಪುಮೂತಿಯ ಮುಸುವಕ್ಕೂ ತಗಲಿದಾಗ ಅವು ಸಾಯುತ್ತವೆ. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ನೆಲದ ತರಗೆಲೆಗಳಲ್ಲಿ ಸೇರಿಕೊಂಡು ಮುಂದಿನ ಆಸರೆಗಾಗಿ ಕಾಯುತ್ತವೆ. ಮಳೆ ನಿಂತ ಮೇಲೆ ಬೆಳೆಯುವ ಮರಿ ಉಣುಗುಗಳು ಬಹಳ ಸೂಕ್ಷ್ಮ; ಕಚ್ಚಿದ್ದು ಕೂಡ ಅನೇಕರಿಗೆ ತಿಳಿಯುವುದಿಲ್ಲ. ಆದುದರಿಂದಲೇ ನವೆಂಬರ್-ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಈ ರೋಗದ ಋತು. ಕಾಡಿನ ಜನರು ತರಗೆಲೆ ಗುಡಿಸುವುದೂ, ಸೌದೆ ತರುವುದೂ, ಗೇರುಬೀಜ ಆರಿಸುವುದೂ, ಜೇನು ಇಳಿಸುವುದೂ ಇದೇ ತಿಂಗಳುಗಳಲ್ಲಿ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತಾಗಿ ತೀವ್ರ ಜ್ವರ, ಸಹಿಸಲಾಗದ ತಲೆನೋವು, ಸೊಂಟ-ಕಾಲುಗಳಲ್ಲಿ ಮೈಮುರಿಯುವ ನೋವು, ವಾಂತಿ, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೂಗು ಮತ್ತು ಒಸಡುಗಳಿಂದ ರಕ್ತ ಒಸರುತ್ತದೆ. ಜ್ವರ ಇಳಿದು ಗುಣವಾಯಿತೆಂದುಕೊಂಡವರಲ್ಲಿ ಕೆಲವರಿಗೆ ಒಂದೆರಡು ವಾರಗಳ ನಂತರ ಮತ್ತೆ ಜ್ವರ ಮರುಕಳಿಸಿ ಮಿದುಳಿಗೂ ಬಾಧೆಯಾಗುವುದುಂಟು. ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧವಿಲ್ಲ. ಲಕ್ಷಣಗಳಿಗೆ ಸಕಾಲದಲ್ಲಿ ಚಿಕಿತ್ಸೆ ನೀಡಿ ದೇಹವನ್ನು ಕಾಪಾಡುವುದೇ ಮಾರ್ಗ. ದೇಶದಲ್ಲಿ ವರ್ಷಕ್ಕೆ ಸರಾಸರಿ 400ರಿಂದ 500 ಜನರಿಗೆ ಈ ರೋಗ ತಗಲುತ್ತದೆಂದೂ, ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂದೂ ಅಂದಾಜು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ ಎಂಬುದೊಂದು ಸಮಾಧಾನ. ಆದರೆ ಈ ಸಮಾಧಾನವೇ ರೋಗಿಗಳ ಪಾಲಿಗೆ ಶಾಪವಾಯಿತೇ ಎಂದು ಕೇಳಬೇಕಾಗಿದೆ. ಏಕೆಂದರೆ ಕಾಡಿನ ಜ್ವರ ಕಾಡಂಚಿನಲ್ಲಿಯೇ ಉಳಿಯುತ್ತದೆ. ಬೆಂಗಳೂರು, ದೆಹಲಿಗಳಿಗೆ ಅದರ ಭಯವಿಲ್ಲ.

ಲಸಿಕೆಯ ಏಳುಬೀಳು

ರೋಗ ಪತ್ತೆಯಾದ ಆರಂಭದ ವರ್ಷಗಳಲ್ಲಿ ರಷ್ಯಾದ ಸಂಬಂಧಿ ರೋಗಕ್ಕಾಗಿ ತಯಾರಿಸಿದ ಲಸಿಕೆಯನ್ನೇ ಶಿವಮೊಗ್ಗದ ಹಳ್ಳಿಗಳಲ್ಲಿ ಪ್ರಯೋಗಿಸಲಾಯಿತು. ಅದು ಫಲ ನೀಡಲಿಲ್ಲ. ಮುಂದೆ ನಮ್ಮದೇ ವಿಜ್ಞಾನಿಗಳು ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು ರೂಪಿಸಿದರು. ರಾಜ್ಯದ ಮೂರು ಜಿಲ್ಲೆಗಳಲ್ಲಿ 1990ರಿಂದ 1992ರವರೆಗೆ ನಡೆದ ಪರೀಕ್ಷೆಯಲ್ಲಿ ಒಂದು ಚುಚ್ಚುಮದ್ದು ಪಡೆದವರಿಗೆ ನೂರಕ್ಕೆ ಸುಮಾರು 79ರಷ್ಟು, ಎರಡು ಪಡೆದವರಿಗೆ ಸುಮಾರು 93ರಷ್ಟು ರಕ್ಷಣೆ ದೊರೆಯಿತೆಂದು ವರದಿಯಾಯಿತು. ಅಂದು ಮಲೆನಾಡು ನಿಟ್ಟುಸಿರು ಬಿಟ್ಟದ್ದು ಸಹಜವೇ. ಅನಂತರದ ದಶಕಗಳಲ್ಲಿ ಲಕ್ಷಾಂತರ ಚುಚ್ಚುಮದ್ದುಗಳನ್ನು ನೀಡಲಾಯಿತು.

ಆದರೆ 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಚಿತ್ರ ಬದಲಾಗಿತ್ತು. ಎರಡು ಚುಚ್ಚುಮದ್ದು ಪಡೆದವರಿಗೆ ದೊರೆತ ರಕ್ಷಣೆ ನೂರಕ್ಕೆ 62ರಷ್ಟು ಮಾತ್ರ; ಬಲವರ್ಧಕವನ್ನೂ ಪಡೆದವರಿಗೆ ಸುಮಾರು 83ರಷ್ಟು. ಇಲ್ಲಿ ಬಲವರ್ಧಕದ ಮಾತು ಮುಖ್ಯ. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರೇಳು ತಿಂಗಳ ನಂತರ ಮತ್ತೊಂದು, ಮುಂದೆ ಐದು ವರ್ಷ ಪ್ರತಿವರ್ಷ ಒಂದೊಂದು, ಇದು ಆ ಲಸಿಕೆಯ ನಿಯಮ. ಚುಚ್ಚಿದ ಜಾಗದಲ್ಲಿ ವಿಪರೀತ ನೋವು ಬೇರೆ. ದಿನಗೂಲಿ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಬಂದು, ಎರಡು ದಿನ ತೋಳು ಎತ್ತಲಾಗದೆ ಮನೆಯಲ್ಲಿ ಕೂರಲು ಎಷ್ಟು ಕೂಲಿಕಾರರಿಗೆ ಸಾಧ್ಯ? ಜನರು ಹಿಂಜರಿದದ್ದನ್ನು ಅಜ್ಞಾನವೆಂದು ಹಳಿಯುವುದು ಸುಲಭ. ಆದರೆ ಜನರ ಬದುಕಿಗೆ ಹೊಂದುವಂಥ ಲಸಿಕೆಯನ್ನು ರೂಪಿಸುವ ಹೊಣೆ ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ವೈರಾಣುವಿನ ಹಳೆಯ ತಳಿಯಿಂದ, ಹಳೆಯ ವಿಧಾನದಿಂದ ತಯಾರಾಗುತ್ತಿದ್ದ ಲಸಿಕೆಯನ್ನು ಬದಲಿಸಬೇಕೆಂಬ ಎಚ್ಚರಿಕೆ ಆ ಅಂಕಿಅಂಶಗಳಲ್ಲಿಯೇ ಇತ್ತು. ಅದನ್ನು ಓದಿ ಕೂಡಲೇ ಕೈಗೆತ್ತಿಕೊಳ್ಳಬೇಕಾಗಿದ್ದ ಕೆಲಸ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಕೊನೆಗೆ 2022ರಲ್ಲಿ ಲಸಿಕೆಯ ಪರಿಣಾಮ ಸಾಲದೆಂಬ ಕಾರಣದಿಂದ ಅದರ ಬಳಕೆ ನಿಂತಿತು. ಪರಿಣಾಮವಿಲ್ಲದ ಲಸಿಕೆಯನ್ನು ನಿಲ್ಲಿಸಿದ್ದು ತಪ್ಪಲ್ಲ, ಅದು ಪ್ರಾಮಾಣಿಕ ಕ್ರಮವೇ. ತಪ್ಪಿದ್ದು ಅದರ ಬದಲಿಯನ್ನು ಸಿದ್ಧಪಡಿಸಿಕೊಳ್ಳದೆ ಇದ್ದುದರಲ್ಲಿ. 2022-23ರ ಹಾಗೂ 2023-24ರ ಋತುಗಳನ್ನು ಕಾಡಂಚಿನ ಜನ ಲಸಿಕೆಯ ರಕ್ಷೆಯಿಲ್ಲದೆಯೇ ಎದುರಿಸಿದರು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಕೈಜೋಡಿಸಿದ್ದು ಸ್ವಾಗತಾರ್ಹ. ಆದರೆ ಲಸಿಕೆಯೆಂಬುದು ಪ್ರಾಣಿಗಳ ಮೇಲೆ, ಬಳಿಕ ಹಂತಹಂತವಾಗಿ ಮನುಷ್ಯರ ಮೇಲೆ ಪರೀಕ್ಷೆಗೊಳಗಾಗಿಯೇ ಬರಬೇಕಾದ ವಸ್ತು. ತುರ್ತು ಬಂದಾಗ ಆಜ್ಞೆ ಮಾಡಿ ತರಿಸಿಕೊಳ್ಳುವಂಥದ್ದಲ್ಲ.

ಇದನ್ನು ಕೋವಿಡ್‌ನೊಡನೆ ಹೋಲಿಸಿ ನೋಡಿದರೆ ವ್ಯತ್ಯಾಸ ಎದ್ದುಕಾಣುತ್ತದೆ. 2020ರ ಜನವರಿಯಲ್ಲಿ ಆ ವೈರಾಣುವಿನ ಪರಿಚಯ ಜಗತ್ತಿಗಾಯಿತು. 2021ರ ಜನವರಿ 16ರಂದು ಭಾರತದಲ್ಲಿ ಲಸಿಕಾ ಅಭಿಯಾನ ಆರಂಭವಾಯಿತು. ಅಂದು ಬಳಕೆಗೆ ಬಂದ ಎರಡು ಲಸಿಕೆಗಳಲ್ಲಿ ಒಂದಾದ ಕೋವ್ಯಾಕ್ಸಿನ್‌ನ ಹಿಂದೆ ಇದ್ದುದು ಪುಣೆಯ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ. ಹಾಗಾದರೆ ಕೊರತೆಯಾದದ್ದು ಪ್ರತಿಭೆಗಲ್ಲ, ವಿಜ್ಞಾನಕ್ಕೂ ಅಲ್ಲ. ಯುರೋಪಿನ ಆಸ್ಟ್ರಿಯಾ ದೇಶ ಉಣುಗಿನಿಂದಲೇ ಹರಡುವ ಇದೇ ಕುಟುಂಬದ ಮಿದುಳುಜ್ವರಕ್ಕೆ 1981ರಲ್ಲಿ ಸಾರ್ವತ್ರಿಕ ಲಸಿಕಾ ಅಭಿಯಾನವನ್ನು ಕೈಗೊಂಡು ರೋಗಿಗಳ ಸಂಖ್ಯೆಯನ್ನು ಗಣನೀಯವಾಗಿ ತಗ್ಗಿಸಿತು. ಅಲ್ಲಿ ಕಾಡಿಗೆ ಹೋಗುವವರಲ್ಲಿ ವಿಹಾರಕ್ಕೆ ಹೊರಟ ಪಟ್ಟಣಿಗರೂ ಇದ್ದರು. ಇಲ್ಲಿ ಹೋಗುವವರು ಹೊಟ್ಟೆಪಾಡಿನ ಬಡವರು. ವರ್ಷಕ್ಕೆ ಕೆಲವು ನೂರು ರೋಗಿಗಳಿರುವ, ಕೊಳ್ಳುವ ಶಕ್ತಿಯಿಲ್ಲದವರ ರೋಗಕ್ಕೆ ಲಸಿಕೆ ತಯಾರಿಸುವುದರಿಂದ ಕಂಪನಿಗಳಿಗೆ ಲಾಭವಿಲ್ಲ. ಲಾಭವಿಲ್ಲದ ಕಡೆ ನಿಲ್ಲಬೇಕಾದದ್ದು ಸರಕಾರವೇ. ಸಾರ್ವಜನಿಕ ಆರೋಗ್ಯವೆಂಬ ಮಾತಿಗೆ ಅರ್ಥ ಬರುವುದು ಅಲ್ಲಿಯೇ.

ಅರಳಗೋಡಿನ ಪಾಠ

2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಸಂಭವಿಸಿದ ಸಾವುನೋವುಗಳು ನಾಡಿನ ಗಮನ ಸೆಳೆದವು. ಸತ್ತವರ ಸಂಖ್ಯೆಯ ಬಗ್ಗೆಯೂ ಸರಕಾರಕ್ಕೂ ಗ್ರಾಮಸ್ಥರಿಗೂ ಒಮ್ಮತವಿರಲಿಲ್ಲ. ಸಾವುಗಳು ಸುದ್ದಿಯಾದ ಮೇಲೆ ಲಸಿಕೆ, ತೈಲ, ವೈದ್ಯರ ತಂಡಗಳು, ಮಂತ್ರಿಗಳ ಭೇಟಿ ಎಲ್ಲವೂ ಧಾವಿಸಿದವು. ಆದರೆ ತಿಂಗಳ ಅಂತರದಲ್ಲಿ ಎರಡು ಸಲ ಕೊಡಬೇಕಾದ ಚುಚ್ಚುಮದ್ದನ್ನು ರೋಗ ಮನೆಯಂಗಳಕ್ಕೆ ಬಂದ ಮೇಲೆ ಆರಂಭಿಸಿದರೆ ಅದು ಬಾವಿ ತೋಡುವ ಮೊದಲೇ ಮನೆಗೆ ಬೆಂಕಿ ಬಿದ್ದಂತೆ. ಲಸಿಕೆ ನೀಡಬೇಕಾದದ್ದು ಮಳೆಗಾಲ ಮುಗಿಯುವುದರೊಳಗೆ. ಮಳೆಗಾಲದಲ್ಲಾದರೋ ಜ್ವರವಿಲ್ಲ, ಸಾವಿಲ್ಲ, ಸುದ್ದಿಯಿಲ್ಲ. ಆದ್ದರಿಂದ ಹಣ ಬಿಡುಗಡೆಯೂ ಇಲ್ಲ, ಸಭೆಯೂ ಇಲ್ಲ. ಈ ರೋಗದ ವಿಚಾರದಲ್ಲಿ ನಮ್ಮ ವ್ಯವಸ್ಥೆಯ ಮೂಲದೋಷವೇ ಇದು. ರೋಗದ ಋತುವಿನಲ್ಲಿ ಎಚ್ಚರ, ಸಿದ್ಧತೆಯ ಋತುವಿನಲ್ಲಿ ನಿದ್ರೆ.

ಮತ್ತೊಂದು ಪಾಠವನ್ನು 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕು ಕಲಿಸಿತ್ತು. ಪಟ್ರಮೆ, ನಿಡ್ಲೆ ಪ್ರದೇಶದಲ್ಲಿ ಗೇರು ತೋಟಕ್ಕಾಗಿ ದಟ್ಟಕಾಡನ್ನು ಕಡಿದ ಬೆನ್ನಲ್ಲೇ ಅಲ್ಲಿ ಮಂಗನ ಕಾಯಿಲೆ ಭೀಕರವಾಗಿ ಕಾಣಿಸಿಕೊಂಡು ಅನೇಕರನ್ನು ಬಲಿ ತೆಗೆದುಕೊಂಡಿತು. ಇತ್ತೀಚಿನ ಸಂಶೋಧನೆಗಳೂ ಇದೇ ದಿಕ್ಕನ್ನು ತೋರಿಸುತ್ತವೆ. ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಹೆಣೆದುಕೊಂಡಿರುವ, ಜಾನುವಾರುಗಳು ಹೆಚ್ಚಾಗಿ ಮೇಯುವ ನೆಲದಲ್ಲಿ ಅಪಾಯ ಹೆಚ್ಚು. ದನಗಳಿಗೆ ಈ ರೋಗ ಬರುವುದಿಲ್ಲ, ಅವು ವೈರಾಣುವಿನ ಮೂಲವೂ ಅಲ್ಲ. ಆದರೆ ಬೆಳೆದ ಉಣುಗುಗಳಿಗೆ ಅವು ಆಹಾರವಾಗುವುದರಿಂದ ಉಣುಗಿನ ಸಂತತಿ ಹೆಚ್ಚುತ್ತದೆ. ಇದರಿಂದ ದನಗಾಹಿಗಳನ್ನು ದೂಷಿಸಬೇಕೆಂದಲ್ಲ. ಅವರ ದನಗಳ ಮೈಯ ಉಣುಗು ತೊಲಗಿಸಲು ಪಶುವೈದ್ಯ ಇಲಾಖೆ ನೆರವಾಗಬೇಕೆಂದು ಅರ್ಥ.

ಅಣಶಿಯ ಕಡೆಗೊಂದು ನೋಟ

ಈ ರೋಗ ತನ್ನ ಹುಟ್ಟೂರಲ್ಲಿಯೇ ಉಳಿಯಲಿಲ್ಲ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿಯಲ್ಲಿ ತೊಡಗಿದ್ದವರಿಗೆ ಅದು ತಗಲಿತು. ಬಳಿಕ ಕೇರಳದ ವಯನಾಡಿನ ಗಿರಿಜನರನ್ನು ಕಾಡಿತು. 2015ರಲ್ಲಿ ಗೋವೆಯ ಸತ್ತರಿ ತಾಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಕಾಣಿಸಿತು. ಗೇರುಬೀಜದ ಕೆಲಸಕ್ಕೆ ಹೋದ ಕೂಲಿಕಾರರು ಅದಕ್ಕೆ ಗುರಿಯಾದರು. ನಮ್ಮ ಜಿಲ್ಲೆಯಲ್ಲಿ ಸಿದ್ದಾಪುರ ತಾಲೂಕು 2024ರಲ್ಲಿಯೂ ಸಾವು ಕಂಡಿತು. ಭೂಪಟವನ್ನು ಮುಂದಿಟ್ಟುಕೊಂಡರೆ ದಕ್ಷಿಣಕ್ಕೆ ಸಿದ್ದಾಪುರ; ವಾಯುವ್ಯಕ್ಕೆ ಖಾನಾಪುರದ ಕಾಡು ದಾಟಿದರೆ ಸತ್ತರಿ. ಇವೆರಡರ ನಡುವೆ ಹಬ್ಬಿರುವ ಅರಣ್ಯದಲ್ಲಿ ಜೋಯಿಡಾ ತಾಲೂಕಿದೆ, ಅಣಶಿ ಇದೆ. ಮಂಗಗಳಿಗಾಗಲಿ ಉಣುಗುಗಳಿಗಾಗಲಿ ತಾಲೂಕಿನ ಗಡಿ, ರಾಜ್ಯದ ಗಡಿ ಎಂಬುದಿಲ್ಲ. ಇಲ್ಲಿಯ ಜನರಲ್ಲಿ ಭೀತಿ ಬಿತ್ತುವುದು ಈ ಲೇಖನದ ಉದ್ದೇಶವಲ್ಲ. ಆದರೆ ನೆರೆಮನೆಗೆ ಬೆಂಕಿ ಬಿದ್ದಾಗ ನಮ್ಮ ಕೊಡ ತುಂಬಿಟ್ಟುಕೊಳ್ಳುವುದು ಭೀತಿಯಲ್ಲ, ವಿವೇಕ.

1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಣಶಿ, ದಾಂಡೇಲಿ ಅಭಯಾರಣ್ಯದೊಡನೆ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಪಡೆಯಿತು. ಈ ಕಾಡಿನ ಒಡಲಲ್ಲಿಯೂ ಅಂಚಿನಲ್ಲಿಯೂ ಕುಣಬಿಗಳು, ಸಿದ್ದಿಗಳು, ಗೌಳಿಗಳು ತಲೆಮಾರುಗಳಿಂದ ಬದುಕಿದ್ದಾರೆ. ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಕುಟುಂಬಗಳಲ್ಲಿ ಕ್ರೈಸ್ತರೂ ಇದ್ದಾರೆ, ರೋಗಕ್ಕೆ ಜಾತಿಮತಗಳಿಲ್ಲ. ಇಲ್ಲಿ ಮನೆಗಳು ವಿರಳ, ಹಾದಿಗಳು ದೂರ. ಅಣಶಿಯಲ್ಲಿ ಒಬ್ಬರಿಗೆ ಜ್ವರ ಉಲ್ಬಣಿಸಿದರೆ ಘಟ್ಟ ಇಳಿದು ಕದ್ರಾ ಮಾರ್ಗವಾಗಿ ಕಾರವಾರ ಸೇರಬೇಕು, ಇಲ್ಲವೆ ಜೋಯಿಡಾ ದಾಟಿ ದಾಂಡೇಲಿಗೆ ಹೋಗಬೇಕು. ಇಂಥ ಕಡೆ ರೋಗವನ್ನು ತಡೆಯುವ ಉಪಾಯ ಅದು ಬರುವ ಮೊದಲೇ ಸಿದ್ಧವಿರಬೇಕಲ್ಲದೆ, ಬಂದ ಮೇಲೆ ಆಂಬುಲೆನ್ಸ್ ಕಳುಹಿಸಿದರೆ ಸಾಲದು.

ಇಲ್ಲಿ ನಂಬಿಕೆಯ ಪ್ರಶ್ನೆಯೊಂದೂ ಇದೆ. ಮಂಗ ಸತ್ತದ್ದನ್ನು ಮೊದಲು ಕಾಣುವವರು ಕಾಡಿಗೆ ಹೋಗುವ ಜನರೇ. ಅವರು ಹೇಳಿದರೆ ಇಡೀ ತಾಲೂಕು ಎಚ್ಚರಗೊಳ್ಳಬಹುದು. ಆದರೆ ಕಾಡಿನೊಳಗೆ ಕಾಲಿಟ್ಟದ್ದೇ ಅಪರಾಧವೆಂಬಂತೆ ಕಾಣಲ್ಪಡುವ ಮನುಷ್ಯ ಅರಣ್ಯ ಇಲಾಖೆಗೆ ತಾನಾಗಿ ಬಂದು ಸುದ್ದಿ ಹೇಳುವನೇ? 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳಿಗೆ ನ್ಯಾಯ ಒದಗಿಸುವುದೂ, ಮಂಗನ ಕಾಯಿಲೆಯನ್ನು ತಡೆಯುವುದೂ ಬೇರೆಬೇರೆ ಕಡತಗಳ ವಿಷಯವೆಂದು ಕಚೇರಿಗಳು ತಿಳಿಯಬಹುದು. ಕಾಡಂಚಿನಲ್ಲಿ ಮಾತ್ರ ಅವೆರಡೂ ಒಂದೇ ಬಾಗಿಲಿನ ಎರಡು ಕದಗಳು. ಸುದ್ದಿ ತಂದವನನ್ನು ತನಿಖೆ ಮಾಡದೆ ವಂದಿಸುವ ವಾತಾವರಣ ಮೂಡಿದಲ್ಲಿ ಮಾತ್ರ ಮುನ್ಸೂಚನೆಯ ವ್ಯವಸ್ಥೆ ನಿಲ್ಲುತ್ತದೆ.

ಮಾಡಬೇಕಾದುದು

ಸರಕಾರ ಏನನ್ನೂ ಮಾಡಿಲ್ಲವೆಂದರೆ ಅಸತ್ಯವಾದೀತು. ಶಿವಮೊಗ್ಗದಲ್ಲಿ ರೋಗಪತ್ತೆಯ ಪ್ರಯೋಗಾಲಯವಿದೆ. ಕಾಡಿಗೆ ಹೋಗುವವರಿಗೆ ಉಣುಗು ಸೋಂಕದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ತೈಲವನ್ನು ಹಂಚಲಾಗಿದೆ. ರೋಗಿಗಳಿಗೆ ಉಚಿತ ಚಿಕಿತ್ಸೆಯ ಏರ್ಪಾಡಾಗಿದೆ. ಜ್ವರ ಬಂದ ಮನೆಗಳಿಗೆ ಕಾಡುದಾರಿ ತುಳಿದು ಹೋಗುವ ಆಶಾ ಕಾರ್ಯಕರ್ತೆಯರ, ಸತ್ತ ಮಂಗನ ಮರಣೋತ್ತರ ಪರೀಕ್ಷೆಗೆ ಮುಂದಾಗುವ ಪಶುವೈದ್ಯರ, ಅಪಾಯಕಾರಿ ವೈರಾಣುವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತ ತಾವೇ ಸೋಂಕಿಗೆ ಒಳಗಾದ ಪ್ರಯೋಗಾಲಯ ಸಿಬ್ಬಂದಿಯ ಸೇವೆ ಸ್ಮರಣೀಯವಾದುದು. ಆದರೆ ವ್ಯಕ್ತಿಗಳ ಶ್ರಮ ವ್ಯವಸ್ಥೆಯ ಮುನ್ನೋಟಕ್ಕೆ ಬದಲಿಯಾಗಲಾರದು.

ಆದುದರಿಂದ ಕೆಲವು ಕ್ರಮಗಳು ಅಗತ್ಯ. ಹೊಸ ಲಸಿಕೆಯ ಕೆಲಸ ಯಾವ ಹಂತದಲ್ಲಿದೆಯೆಂಬುದನ್ನು ಸರಕಾರ ಪ್ರತಿವರ್ಷ ಮಳೆಗಾಲದ ಅಧಿವೇಶನದಲ್ಲಿ ಜನತೆಯ ಮುಂದಿಡಬೇಕು. ರೋಗ ಕಂಡ ತಾಲೂಕುಗಳಿಗೆ ಮಾತ್ರವಲ್ಲದೆ ಅವುಗಳ ನೆರೆಯ ಜೋಯಿಡಾದಂಥ ತಾಲೂಕುಗಳಲ್ಲಿಯೂ ಅಕ್ಟೋಬರ್ ತಿಂಗಳೊಳಗೆ ಉಣುಗುಗಳ ಪರೀಕ್ಷೆ, ತೈಲದ ದಾಸ್ತಾನು, ವೈದ್ಯರಿಗೆ ತರಬೇತಿ ಮುಗಿದಿರಬೇಕು. ಆರೋಗ್ಯ, ಅರಣ್ಯ ಮತ್ತು ಪಶುವೈದ್ಯ ಇಲಾಖೆಗಳು ಜ್ವರ ಬಂದ ಮೇಲಲ್ಲ, ಬರುವ ಮೊದಲೇ ಒಂದೇ ಮೇಜಿನ ಸುತ್ತ ಕೂರಬೇಕು. ಅರಣ್ಯ ಕಾವಲುಗಾರರಿಗೆ ಸತ್ತ ಪ್ರಾಣಿಗಳನ್ನು ಮುಟ್ಟಲು ತಕ್ಕ ರಕ್ಷಣಾ ಉಡುಪು ದೊರೆಯಬೇಕು. ಬಂಡೀಪುರದ ಅನುಭವ ಮತ್ತೊಮ್ಮೆ ಆಗಬಾರದು.

ಜನರ ಕೈಯಲ್ಲಿರುವ ಕೆಲಸವೂ ಕಡಿಮೆಯಿಲ್ಲ. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ, ಮುಟ್ಟದೆ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಬೇಕು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು ತೈಲ ಹಚ್ಚಿಕೊಳ್ಳಬೇಕು. ಹಿಂದಿರುಗಿದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಮಿಂದು, ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯಬೇಕು. ಋತುವಿನಲ್ಲಿ ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಕಾಯದೆ ವೈದ್ಯರಲ್ಲಿಗೆ ಹೋಗಿ, ಕಾಡಿಗೆ ಹೋಗಿದ್ದೆನೆಂಬುದನ್ನು ಮರೆಯದೆ ಹೇಳಬೇಕು. ಈ ನಾಲ್ಕು ಮಾತುಗಳನ್ನು ಮನೆಮನೆಗೆ ಮುಟ್ಟಿಸಲು ಶಾಲೆಗಳೂ ಸ್ವಸಹಾಯ ಸಂಘಗಳೂ ನಮ್ಮ ಧರ್ಮಕೇಂದ್ರಗಳೂ ಸಮರ್ಥವಾಗಿವೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಭಾನುವಾರದ ಪೂಜೆಯ ಕೊನೆಯಲ್ಲಿ ನೀಡುವ ಪ್ರಕಟಣೆಗಳ ನಡುವೆ ಇದಕ್ಕೂ ಎರಡು ನಿಮಿಷ ದೊರೆಯಲಿ. 1993ರಿಂದ ಜಗತ್ತಿನ ಧರ್ಮಸಭೆ ಫೆಬ್ರವರಿ 11ನ್ನು ರೋಗಿಗಳ ದಿನವಾಗಿ ಆಚರಿಸುತ್ತಿದೆ. ಮಂಗನ ಕಾಯಿಲೆ ಕಾಡುವುದೂ ಅದೇ ದಿನಗಳಲ್ಲಿ. ರೋಗಿಗಳಿಗಾಗಿ ಪ್ರಾರ್ಥಿಸುವುದರ ಜತೆಗೆ, ಕಾಡಿಗೆ ಹೋಗುವ ನೆರೆಯವನ ಕೈಗೊಂದು ಬಾಟಲಿ ತೈಲ ಸೇರಿದೆಯೇ ಎಂದು ವಿಚಾರಿಸುವುದೂ ಆ ದಿನಕ್ಕೆ ಒಪ್ಪುವ ಕಾರ್ಯ.

ಒಂದು ದೇಶದ ಆರೋಗ್ಯ ವ್ಯವಸ್ಥೆಯ ಬೆಲೆಯನ್ನು ಅದರ ದೊಡ್ಡ ಆಸ್ಪತ್ರೆಗಳಿಂದ ಅಳೆಯುವುದು ವಾಡಿಕೆ. ಆದರೆ ಮತ ಕಡಿಮೆಯಿರುವ, ಹಣ ಕಡಿಮೆಯಿರುವ, ಪೇಟೆಯಿಂದ ದೂರವಿರುವ ಜನರ ರೋಗವನ್ನು ಅದು ಸುದ್ದಿಯಿಲ್ಲದ ತಿಂಗಳುಗಳಲ್ಲಿ ಎಷ್ಟು ನೆನಪಿಟ್ಟುಕೊಳ್ಳುತ್ತದೆ ಎಂಬುದೇ ನಿಜವಾದ ಅಳತೆಗೋಲು. ಮಂಗ ಸತ್ತ ಮೇಲೆ ಎಚ್ಚರಗೊಳ್ಳುವುದನ್ನು ಬಿಟ್ಟು, ಮಳೆ ಸುರಿಯುತ್ತಿರುವಾಗಲೇ ಸಿದ್ಧತೆಗಿಳಿಯುವ ಸರಕಾರವನ್ನು ಕೇಳುವುದು ಜನರ ಹಕ್ಕು. ಅದನ್ನು ಮತ್ತೆ ಮತ್ತೆ ಕೇಳುವುದು ಜನರ ಕರ್ತವ್ಯವೂ ಹೌದು.